ನಾಲಿಗೆಯ ನಕ್ಷೆಯೂ ಅಪ್ಪನ ಮಾತೂ

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಹೋದ ತಿಂಗಳು ಏನೋ ಚರ್ಚೆ ನಡೆಯುತ್ತಿದ್ದಾಗ ಸ್ನೇಹಿತೆಯೊಬ್ಬಳು, ‘ಇದು ನಿನ್ನ ಅಭಿಪ್ರಾಯವೋ, ನಿಮ್ಮಪ್ಪನದೋ?’ ಎಂದು ಕೇಳಿಬಿಟ್ಟಳು. ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ದುಡ್ಡು, ದೇವರು, ಮದುವೆ, ಯಾರನ್ನು ನಂಬಬೇಕು, ಯಾರನ್ನು ದೂರ ಇಡಬೇಕು, ಯಾವುದನ್ನು ತೆಗೆದುಕೊಂಡರೂ ಅಪ್ಪನ ಮಾತೇ. ಕೆಲವು ಸಲ ಪದಗಳೂ ಅಪ್ಪನವೇ. ನನ್ನದು ಅನ್ನುವಂಥದ್ದು ಏನೂ ಇಲ್ಲವೇ? ಎಲ್ಲವನ್ನೂ ಪ್ರಶ್ನಿಸಿ ಹೊಸದಾಗಿ ಶುರು ಮಾಡಬೇಕೇ? ಹಾಗೆ ಮಾಡಿದರೆ ಅಪ್ಪನಿಗೆ ದ್ರೋಹ ಬಗೆದಂತೆ ಅನಿಸುತ್ತದೆ. (ಹೆಸರು ಬೇಡ)

ಉತ್ತರ: ನೀವು ಹುಟ್ಟಿದ ದಿನ ಯಾವುದು ಎಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಅದು ನಿಮಗೆ ಗೊತ್ತಾದದ್ದು ಹೇಗೆ? ಅಪ್ಪ ಅಮ್ಮ ಹೇಳಿದರು, ಯಾರೋ ಬರೆದಿಟ್ಟರು, ನೀವು ನಂಬಿದಿರಿ. ಅದಕ್ಕಾಗಿ ನಿದ್ದೆ ಕೆಡಿಸಿಕೊಂಡವರನ್ನು ನಾನು ನೋಡಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎನ್ನುವುದನ್ನೂ ನಮ್ಮಲ್ಲಿ ಬಹಳಷ್ಟು ಜನ ಹೀಗೇ ಪಡೆದದ್ದು. ತಲೆಯಲ್ಲಿ ಇರುವುದರಲ್ಲಿ ಮುಕ್ಕಾಲು ಪಾಲು ಇನ್ನೊಬ್ಬರು ಕೊಟ್ಟದ್ದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಪ್ಪನ ಬಾಯಿಂದ ಬಂತು ಅನ್ನುವ ಕಾರಣಕ್ಕೆ ಒಂದು ಮಾತು ಸರಿಯೂ ಆಗುವುದಿಲ್ಲ, ತಪ್ಪೂ ಆಗುವುದಿಲ್ಲ. ನಿಮ್ಮ ಸ್ನೇಹಿತೆ ಕೇಳಿದ್ದು ಒಳ್ಳೆಯ ಪ್ರಶ್ನೆ, ಆದರೆ ಅರ್ಧಕ್ಕೇ ನಿಂತಿದೆ. ಎಲ್ಲಿಂದ ಬಂತು ಎಂದು ಕೇಳಿದ ಬೆನ್ನಿಗೇ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಇದು ತಪ್ಪಾಗಿದ್ದರೆ ತಪ್ಪೆಂದು ಗೊತ್ತಾಗಲು ನಾನು ಒಂದು ಸಲವಾದರೂ ದಾರಿ ಬಿಟ್ಟಿದ್ದೇನೆಯೇ?

ನಾನು ಬಿಟ್ಟಿರಲಿಲ್ಲ. ಅದನ್ನು ಹೇಳುತ್ತೇನೆ.

31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಪ್ರತಿ ವರ್ಷ ನಾಲಿಗೆಯ ಪಾಠ ಬಂದಾಗ ಬೋರ್ಡಿನ ಮೇಲೆ ದೊಡ್ಡದಾಗಿ ನಾಲಿಗೆಯ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಲ್ಲಿ ನಾಲ್ಕು ಭಾಗ ಮಾಡುತ್ತಿದ್ದೆ. ತುದಿಯಲ್ಲಿ ಸಿಹಿ, ಅಂಚುಗಳಲ್ಲಿ ಉಪ್ಪು ಮತ್ತು ಹುಳಿ, ಹಿಂಭಾಗದಲ್ಲಿ ಕಹಿ. ನಾನೂ ಓದುವಾಗ ಹಾಗೇ ಬರೆದು ಅಂಕ ತೆಗೆದುಕೊಂಡಿದ್ದೆ. ಒಂದು ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ಕಾಗದದ ಪೊಟ್ಟಣದಲ್ಲಿ ಸಕ್ಕರೆ ತಂದಿದ್ದಳು. ಬೆರಳು ಒದ್ದೆ ಮಾಡಿ, ನಾಲ್ಕು ಕಾಳು ಅಂಟಿಸಿಕೊಂಡು, ನಾಲಿಗೆಯ ಹಿಂಭಾಗಕ್ಕೆ ಮುಟ್ಟಿಸಿ ಎದ್ದು ನಿಂತಳು. ‘ಮಿಸ್, ಇಲ್ಲೂ ಸಿಹಿ ಗೊತ್ತಾಗ್ತಿದೆ.’

‘ಕರಗಿ ಮುಂದಕ್ಕೆ ಬಂದಿರುತ್ತೆ, ಸರಿಯಾಗಿ ಮಾಡು’ ಅಂದೆ. ಅವಳು ಕರವಸ್ತ್ರದಿಂದ ನಾಲಿಗೆ ಒರೆಸಿಕೊಂಡು ಮತ್ತೆ ಮಾಡಿದಳು. ಬಾಯಿ ತೆರೆದು, ಬೆರಳು ಅಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದಳು. ಆಮೇಲೆ ಬೋರ್ಡು ನೋಡಿದಳು. ಪಕ್ಕದವಳನ್ನು ನೋಡಿದಳು, ಅವಳಾಗಲೇ ಚಿತ್ರ ಇಳಿಸಿಕೊಳ್ಳುತ್ತಿದ್ದಳು. ಕೂತು, ನೋಟ್‌ಬುಕ್ಕಿನಲ್ಲಿ ‘ತುದಿ: ಸಿಹಿ’ ಎಂದು ಬರೆದಳು. ನಾನು ಕೆಂಪು ಪೆನ್ನಿನಲ್ಲಿ ರೈಟ್ ಹಾಕಿದೆ.

ಆ ನಕ್ಷೆ ತಪ್ಪು ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1901ರಲ್ಲಿ ಹೇನಿಗ್ ಎಂಬ ಜರ್ಮನ್ ಸಂಶೋಧಕ ನಾಲಿಗೆಯ ಅಂಚಿನುದ್ದಕ್ಕೂ ಅಳೆದು, ಕೆಲವು ಕಡೆ ಕೆಲವು ರುಚಿ ಒಂದಿಷ್ಟು ಬೇಗ ಗೊತ್ತಾಗುತ್ತದೆ ಎಂದಷ್ಟೇ ಹೇಳಿದ್ದ. 1942ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬೋರಿಂಗ್ ಆ ಅಂಕಿಗಳಿಂದ ಗೆರೆಚಿತ್ರವೊಂದನ್ನು ಮಾಡಿದ. ಅದನ್ನು ನೋಡಿದವರಿಗೆ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಂಡಿತು, ಅಲ್ಲಿಂದ ಅದು ನಕ್ಷೆಯಾಗಿ ಪಠ್ಯಪುಸ್ತಕಗಳಿಗೆ ಹತ್ತಿತು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದಾಗ ವ್ಯತ್ಯಾಸ ಇದೆ, ಆದರೆ ತೀರಾ ಸಣ್ಣದು ಎಂದು ಕಂಡಿತು. ರುಚಿ ಗೊತ್ತಾಗುವ ಎಲ್ಲ ಭಾಗದಲ್ಲೂ ಎಲ್ಲ ರುಚಿಯೂ ಗೊತ್ತಾಗುತ್ತದೆ. ನನ್ನ ಬಾಯಲ್ಲೂ ನಾಲಿಗೆ ಇತ್ತು, ಮನೆಯಲ್ಲಿ ಸಕ್ಕರೆಯೂ ಇತ್ತು. ಒಂದು ನಿಮಿಷದ ಕೆಲಸ. ಮಾಡಲಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ಗಾದೆ ಇದೆ. ಆ ಮಗು ಕಂಡು, ಪ್ರಮಾಣಿಸಿಯೂ ನೋಡಿತ್ತು. ಅಡ್ಡ ನಿಂತವಳು ನಾನು. ಈಗಲೂ ಆ ತೆರೆದ ಬಾಯಿ ಕಣ್ಣಿಗೆ ಕಟ್ಟಿದಂತಿದೆ.

ಅವಳು ಯಾಕೆ ಸುಮ್ಮನೆ ಕೂತಳು ಎಂಬುದಕ್ಕೂ ಒಂದು ಪ್ರಯೋಗ ಇದೆ. 1951ರಲ್ಲಿ ಸಾಲೊಮನ್ ಆಶ್ ಎಂಬುವರು ಕಾಲೇಜು ಹುಡುಗರಿಗೆ ಒಂದು ಗೆರೆ ತೋರಿಸಿ, ಪಕ್ಕದ ಮೂರರಲ್ಲಿ ಯಾವುದು ಅದಕ್ಕೆ ಸಮ ಎಂದು ಕೇಳಿದರು. ಒಬ್ಬರೇ ಹೇಳುವಾಗ ತಪ್ಪುವುದೇ ಅಪರೂಪ, ಅಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ, ಮೊದಲೇ ಮಾತಾಡಿಕೊಂಡಂತೆ, ಒಂದೇ ತಪ್ಪು ಗೆರೆ ಹೇಳಿದರೆ? ಮೂರರಲ್ಲಿ ಒಂದರಷ್ಟು ಉತ್ತರಗಳು ಗುಂಪಿನ ಕಡೆ ವಾಲಿದವು. ನನಗೆ ಮುಖ್ಯ ಅನಿಸಿದ್ದು ಇದರ ಮುಂದಿನ ಭಾಗ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಹೀಗೆ ವಾಲುವುದು ಬಹಳ ಮಟ್ಟಿಗೆ ಕಡಿಮೆಯಾಗುತ್ತಿತ್ತು. ಆವತ್ತು ಪಕ್ಕದ ಹುಡುಗಿ ‘ಹೌದು ಮಿಸ್, ನನಗೂ’ ಅಂದಿದ್ದರೆ! ನಿಮಗೆ ಅಂಥ ಸ್ನೇಹಿತೆ ಸಿಕ್ಕಿದ್ದಾಳೆ. ಅವಳನ್ನು ಬಿಡಬೇಡಿ.

ಈಗ ನಿಮ್ಮ ಪಟ್ಟಿಗೆ ಬರೋಣ. ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕಲು ಹೋಗಬೇಡಿ, ನಿಲ್ಲಲು ನೆಲವೇ ಇರುವುದಿಲ್ಲ. ಮೊದಲು ‘ಯಾರನ್ನು ದೂರ ಇಡಬೇಕು’ ಅನ್ನುವುದನ್ನು ಎತ್ತಿಕೊಳ್ಳಿ. ಬೇರೆ ನಂಬಿಕೆಗಳಿಗಿಂತ ಇದು ಬೇರೆ ಜಾತಿಯದು, ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಇಂಥವರ ಹತ್ತಿರ ಹೋಗಬೇಡ ಅಂದರು, ನೀವು ಹೋಗಲಿಲ್ಲ. ಹೋಗದೆ ಇದ್ದದ್ದರಿಂದ ಅವರ ಒಳ್ಳೆಯತನ ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ಬೀಳದೆ ಇದ್ದದ್ದರಿಂದ ಅಪ್ಪ ಹೇಳಿದ್ದು ನಿಜ ಅನಿಸುತ್ತಲೇ ಹೋಯಿತು. ಇಪ್ಪತ್ತು ವರ್ಷ ಹಳೆಯದಾದರೂ ಅದರ ಹಿಂದೆ ಒಂದು ದಿನದ ಅನುಭವವೂ ಇಲ್ಲ. ಜೊತೆಗೆ, ನೀವು ತಪ್ಪಿದ್ದರೆ ಅದರ ಬೆಲೆ ತೆರುವವರು ನೀವಲ್ಲ, ಅವರು. ಇದನ್ನಂತೂ ಪರೀಕ್ಷಿಸದೆ ಇಟ್ಟುಕೊಳ್ಳುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ದೇವರು, ಮದುವೆ ಸಕ್ಕರೆ ಕಾಳಿನ ಪರೀಕ್ಷೆಗೆ ಸಿಗುವಂಥವಲ್ಲ. ಅವಕ್ಕೆ ಅವಸರ ಬೇಡ.

ದುಡ್ಡಿನ ವಿಷಯಕ್ಕೆ ಅಪ್ಪನನ್ನೇ ಕೇಳಿ. ‘ನೀವು ಹೇಳುವುದು ಸರಿಯೇ?’ ಅಂತಲ್ಲ, ‘ನಿಮಗೆ ಇದು ಯಾವಾಗ ಅನಿಸಿತು?’ ಅಂತ. ದೊಡ್ಡವರು ನಮಗೆ ತೀರ್ಮಾನ ಕೊಡುತ್ತಾರೆ, ಅದರ ಹಿಂದಿನ ಘಟನೆ ಕೊಡುವುದಿಲ್ಲ. ಯಾರ ಸಾಲಕ್ಕೂ ಜಾಮೀನು ನಿಲ್ಲಬಾರದು ಎಂದು ನಮ್ಮಮ್ಮ ಸಾಯುವವರೆಗೂ ಹೇಳುತ್ತಿದ್ದರು. ಜಿಪುಣತನ ಅಂದುಕೊಂಡಿದ್ದೆ. ಅವರ ಕೊನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಕೇಳಿದೆ. ನಾನು ಹುಟ್ಟುವ ಮೊದಲು ನನ್ನ ತಾತ ಒಂದು ಸಹಿ ಹಾಕಿ ಮನೆ ಕಳೆದುಕೊಂಡಿದ್ದರು. ಆ ಸಾಮಾನು ಹೊರಗೆ ಹೋಗುವುದನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡಿದ್ದರು. ಆ ನಂಬಿಕೆಯನ್ನು ನಾನು ಇವತ್ತೂ ಬಿಟ್ಟಿಲ್ಲ. ಆದರೆ ಈಗ ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಅಂತ ಗೊತ್ತು. ತಂಗಿಯ ಮಗನ ಓದಿನ ಸಾಲಕ್ಕೆ ಎಲ್ಲವನ್ನೂ ಲೆಕ್ಕ ಹಾಕಿ ಸಹಿ ಮಾಡಿದ್ದೇನೆ. ಅಮ್ಮನಿಗೆ ದ್ರೋಹ ಮಾಡಿದೆ ಅಂತ ಒಂದು ಕ್ಷಣವೂ ಅನಿಸಿಲ್ಲ. ಕೇಳಿದ್ದಕ್ಕೆ ಅಮ್ಮ ಬೇಸರಪಡಲಿಲ್ಲ, ಅಷ್ಟು ವರ್ಷ ಯಾರೂ ಕೇಳಿರಲಿಲ್ಲ ಅಂದರು.

ಪ್ರಶ್ನೆ: ನನ್ನ ಅಣ್ಣ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು. ಏನು ಪುರಾವೆ ಕೊಟ್ಟರೂ ಒಪ್ಪುವುದಿಲ್ಲ. ಏನು ಮಾಡಲಿ?

ಉತ್ತರ: ಪುರಾವೆ ಕೊಡುವುದನ್ನು ಸ್ವಲ್ಪ ದಿನ ನಿಲ್ಲಿಸಿ. ನೀವು ಹೇಳುವುದು ಹೇಗೆ ನಡೆಯುತ್ತದೆ ಅಂತ ಮೊದಲಿಂದ ಕೊನೆಯವರೆಗೆ ಹೇಳಿಕೊಡಿ ಎಂದು ಅಣ್ಣನನ್ನು ಕೇಳಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ರೋಸೆನ್‌ಬ್ಲಿಟ್ ಮತ್ತು ಕೀಲ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪ್, ಬೀಗದಂಥ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ಎಷ್ಟು ಗೊತ್ತು, ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ ಎಂದು ಜನರನ್ನು ಕೇಳಿದ್ದರು. ಚೆನ್ನಾಗಿ ಗೊತ್ತು ಎಂದವರೇ ಹಂತಹಂತವಾಗಿ ವಿವರಿಸಲು ಹೋದ ಮೇಲೆ ತಾವಾಗಿಯೇ ತಮ್ಮ ಅಂಕ ಕಡಿಮೆ ಮಾಡಿಕೊಂಡರು. ಯಾರೂ ಅವರೊಂದಿಗೆ ವಾದ ಮಾಡಿರಲಿಲ್ಲ.

ಆದರೆ ಅಣ್ಣನ ಹತ್ತಿರ ಹೋಗುವ ಮೊದಲು ನಿಮ್ಮ ಕಡೆಯ ವಿವರಣೆಯನ್ನೂ ಒಂದು ಹಾಳೆಯ ಮೇಲೆ ಬರೆದು ನೋಡಿ. ತನ್ನ ಸಿದ್ಧಾಂತಕ್ಕೆ ಎದುರಾದ ಸಂಗತಿ ಕಂಡರೆ ಆಗಿಂದಾಗಲೇ ಬರೆದಿಟ್ಟುಕೊಳ್ಳುತ್ತಿದ್ದೆ, ಅನುಕೂಲವಾದವುಗಳಿಗಿಂತ ಅಂಥವು ಬೇಗ ಮರೆತುಹೋಗುತ್ತವೆ ಎಂದು ಡಾರ್ವಿನ್ ತನ್ನ ಬದುಕಿನ ಬಗ್ಗೆ ಬರೆಯುತ್ತಾ ಹೇಳಿದ್ದಾನೆ. ಹಾಳೆಯ ಅರ್ಧ ಭಾಗ ಅದಕ್ಕೆ ಖಾಲಿ ಬಿಡಿ. ಅಣ್ಣ ಹೇಳಿದ್ದರಲ್ಲಿ ನಿಮಗೆ ಉತ್ತರ ಹೊಳೆಯದ ಮಾತು ಒಂದಾದರೂ ಇರುತ್ತದೆ. ಅದನ್ನು ಅಲ್ಲಿ ಬರೆದುಕೊಂಡು ಅವರ ಕೈಗೆ ಕೊಡಿ.