ಮನೆಯ ಲೆಕ್ಕವೆಲ್ಲ ಒಬ್ಬರ ತಲೆಯಲ್ಲೇ ಇದ್ದರೆ

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಕಳೆದ ಮಳೆಗಾಲದಲ್ಲಿ ನಮ್ಮ ಯಜಮಾನರಿಗೆ (53 ವರ್ಷ) ಪಾರ್ಶ್ವವಾಯು ಬಡಿದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದರು. ಬಲಗೈ ಸ್ವಾಧೀನದಲ್ಲಿ ಇರಲಿಲ್ಲವಾದ್ದರಿಂದ ಚೆಕ್ಕಿಗೆ ಸಹಿ ಮಾಡಲಾಗಲಿಲ್ಲ; ಅವರ ಖಾತೆಗೆ ನಾನೇ ನಾಮಿನಿಯಾಗಿದ್ದರೂ ಬ್ಯಾಂಕಿನಲ್ಲಿ ಹಣ ಕೊಡಲಿಲ್ಲ. ಆರೋಗ್ಯ ವಿಮೆಯ ಕಾಗದ ಎಲ್ಲಿದೆಯೆಂದು ನನಗಾಗಲಿ, ಬೆಂಗಳೂರಿನಲ್ಲಿರುವ ಮಗನಿಗಾಗಲಿ ಗೊತ್ತಿರಲಿಲ್ಲ. ಈಗ ಅವರು ಚೇತರಿಸಿಕೊಂಡಿದ್ದಾರೆ. ಎಲ್ಲವನ್ನೂ ಒಂದು ಕಡೆ ಬರೆದಿಡಿ ಎಂದರೆ, ‘ನಾನಿನ್ನೂ ಇದ್ದೀನಲ್ಲ’ ಎಂದು ಮಾತು ತೇಲಿಸುತ್ತಾರೆ. ಹೇಗೆ ಶುರುಮಾಡಲಿ?
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಯಜಮಾನರು ಚೇತರಿಸಿಕೊಂಡಿದ್ದಾರೆಂದು ಓದಿ ಸಮಾಧಾನವಾಯಿತು. ಮೊದಲು ಬ್ಯಾಂಕಿನ ವಿಷಯವನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಬ್ಯಾಂಕಿನಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಇದೇ ತಪ್ಪು ತಿಳಿವಳಿಕೆಯಿಂದ ಕಣ್ಣೀರು ಹಾಕಿದವರನ್ನು ನಾನು ಕೌಂಟರಿನ ಆಚೆ ಕಂಡಿದ್ದೇನೆ. ನಾಮಿನಿಗೆ ಹಕ್ಕು ಹುಟ್ಟುವುದು ಖಾತೆದಾರರು ತೀರಿಕೊಂಡ ಮೇಲೆ ಮಾತ್ರ. ಅವರು ಹಾಸಿಗೆ ಹಿಡಿದಿರುವಾಗ ನಾಮಿನಿ ಒಂದು ರೂಪಾಯಿಯನ್ನೂ ತೆಗೆಯಲಾರರು. ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು’ ಎಂಬ ಷರತ್ತಿನ ಜಂಟಿ ಖಾತೆ. ಈಗ ಅವರು ಸಹಿ ಮಾಡುವಂತಿದ್ದರೆ ಇದೇ ವಾರ ಇಬ್ಬರೂ ಬ್ಯಾಂಕಿಗೆ ಹೋಗಿ, ಮನೆಖರ್ಚಿನ ಒಂದು ಖಾತೆಯನ್ನಾದರೂ ಹಾಗೆ ಬದಲಾಯಿಸಿಕೊಳ್ಳಿ. ಪ್ರಜ್ಞೆಯಿದ್ದೂ ಸಹಿ ಮಾಡಲಾಗದ ರೋಗಿಯಿಂದ ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟಿನ ಗುರುತು ಪಡೆದು ಹಣ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ, ಆ ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಅಂದು ನಿಮಗೆ ಇದನ್ನು ಯಾರೂ ಹೇಳದೆ ಹೋದದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ. ಮುಕ್ತಿಯಾರುನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸಿಟ್ಟರೆ ಸಾಕೆಂದು ಕೆಲವರು ಸಲಹೆ ಕೊಡಬಹುದು. ಆದರೆ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದಕ್ಕೆ ಕಾನೂನಿನ ಬಲ ಉಳಿಯುವುದಿಲ್ಲ.

ಇನ್ನು ಬರೆದಿಡುವ ವಿಷಯ. ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ತುಂಬಲು ಹೊರಟವರು ಸಾಮಾನ್ಯವಾಗಿ ನಾಲ್ಕನೆಯ ಪುಟದಲ್ಲಿ ನಿಲ್ಲುತ್ತಾರೆ. ಆದ್ದರಿಂದ ಮೊದಲು ಒಂದೇ ಒಂದು ಹಾಳೆ ಸಿದ್ಧಪಡಿಸಿ. ಅದು ನಡುರಾತ್ರಿ ಆಂಬುಲೆನ್ಸ್ ಬಂದಾಗ ಕೈಗೆತ್ತಿಕೊಂಡು ಹೋಗುವ ಹಾಳೆ. ಅದರಲ್ಲಿ ರಕ್ತದ ಗುಂಪು, ಇರುವ ಕಾಯಿಲೆಗಳು, ಒಗ್ಗದ ಔಷಧಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ನೋಡುತ್ತಿರುವ ವೈದ್ಯರ ಫೋನ್ ಸಂಖ್ಯೆ, ವಿಮೆಯ ಪಾಲಿಸಿ ಸಂಖ್ಯೆ ಇರಲಿ. ಸಹಕಾರಿ ಸೊಸೈಟಿಯ ಮೂಲಕ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ಆ ಕಾರ್ಡಿನ ಸಂಖ್ಯೆಯೂ ಇರಲಿ. ರಕ್ತ ತೆಳುವಾಗಿಸುವ ಮಾತ್ರೆಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದನ್ನು ಕೊಡಬಹುದೇ ಎಂದು ತೀರ್ಮಾನಿಸುವ ಮೊದಲು ವೈದ್ಯರು ಈ ಮಾತ್ರೆಯ ಬಗ್ಗೆಯೂ, ರೋಗಿ ಕೊನೆಯದಾಗಿ ಎಷ್ಟು ಹೊತ್ತಿಗೆ ಸರಿಯಾಗಿದ್ದರು ಎಂಬುದರ ಬಗ್ಗೆಯೂ ಕೇಳುತ್ತಾರೆ. ನಗದುರಹಿತ ಚಿಕಿತ್ಸೆಗೆ ಆಸ್ಪತ್ರೆಯಿಂದ ಕೋರಿಕೆ ಬಂದರೆ ವಿಮಾ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ, ಆದರೆ ಪಾಲಿಸಿ ಸಂಖ್ಯೆ ಸಿಗದೆ ಆ ಕೋರಿಕೆಯೇ ಹೊರಡದಿದ್ದರೆ ನಿಯಮದಿಂದ ಏನು ಪ್ರಯೋಜನ? ಈ ಹಾಳೆಯ ಫೋಟೊ ನಿಮ್ಮ, ಮಗನ ಮತ್ತು ಸೊಸೆಯ ಮೊಬೈಲಿನಲ್ಲಿರಲಿ.

ಎರಡನೆಯದು ಮನೆಯ ಪುಸ್ತಕ. ಬ್ಯಾಂಕ್ ಖಾತೆ, ಠೇವಣಿ, ಜಮೀನಿನ ಸರ್ವೆ ನಂಬರು, ಮೂಲ ಕಾಗದಪತ್ರ ಇರುವ ಬೀರು ಅಥವಾ ಲಾಕರಿನ ವಿವರ, ಇವನ್ನು ಯಾರಾದರೂ ನೆನಪಿಟ್ಟು ಬರೆಯುತ್ತಾರೆ. ಬಿಟ್ಟುಹೋಗುವುದು ಬಾಯಿಮಾತಿನ ವ್ಯವಹಾರ. ಅಡಿಕೆ ಮಂಡಿಯಲ್ಲಿ ಬಿಟ್ಟಿರುವ ಮಾಲೆಷ್ಟು, ಅದರ ಮೇಲೆ ತಂದ ಮುಂಗಡವೆಷ್ಟು. ಸೊಸೈಟಿಯ ಬೆಳೆಸಾಲದ ಕಂತು ಯಾವ ತಿಂಗಳು. ಕಟ್ಟುತ್ತಿರುವ ಚೀಟಿ ಯಾರದು. ಕೊಟ್ಟ ಮತ್ತು ತಂದ ಕೈಸಾಲ. ಯಾರ ಸಾಲಕ್ಕಾದರೂ ಜಾಮೀನು ನಿಂತಿದ್ದರೆ ಅದು. ಒಡವೆ ಅಡವಿಟ್ಟಿದ್ದರೆ ಅದರ ರಸೀದಿ. ಅಡವಿಟ್ಟ ಚಿನ್ನದ ವಿಷಯ ಮನೆಯವರಿಗೆ ಹರಾಜಿನ ನೋಟಿಸ್ ಬಂದಾಗಲೇ ತಿಳಿದ ಪ್ರಸಂಗಗಳನ್ನು ನಾನು ಬಲ್ಲೆ. ಹಾಗೆಯೇ ಪಾಸ್‌ಬುಕ್ಕನ್ನು ಪ್ರತಿ ಸಾಲೂ ಓದಿ ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ಕಂತು, 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ಅಪಘಾತ ವಿಮೆಯದ್ದು. ಎರಡರ ಮೊತ್ತವೂ ತಲಾ 2 ಲಕ್ಷ ರೂಪಾಯಿ. ಅಂಥ ವಿಮೆ ಇದ್ದದ್ದೇ ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಅರ್ಜಿ ಹಾಕುವುದೇ ಇಲ್ಲ.

ಎಟಿಎಂ ಪಿನ್ನನ್ನಾಗಲಿ ಪಾಸ್‌ವರ್ಡನ್ನಾಗಲಿ ಈ ಪುಸ್ತಕದಲ್ಲಿ ಬರೆಯಬೇಡಿ. ಯಾವುದು ಎಲ್ಲಿದೆ, ಯಾರನ್ನು ಕೇಳಬೇಕು ಎಂಬುದಷ್ಟೇ ಸಾಕು. ಮೊಬೈಲ್ ತೆರೆಯುವ ಸಂಖ್ಯೆಯನ್ನು ಮಾತ್ರ ಒಂದು ಲಕೋಟೆಯಲ್ಲಿ ಅಂಟಿಸಿ ಬೇರೆಡೆ ಇಡಿಸಿ, ಏಕೆಂದರೆ ಬಂಧುಬಳಗದ, ವೈದ್ಯರ, ವ್ಯವಹಾರದವರ ನಂಬರುಗಳೆಲ್ಲ ಇರುವುದು ಅದರಲ್ಲೇ. ಅವರು ಆಸ್ಪತ್ರೆಯಲ್ಲಿರುವಾಗ ಆ ಸಿಮ್ಮಿನ ರೀಚಾರ್ಜ್ ನಿಲ್ಲದಂತೆಯೂ ನೋಡಿಕೊಳ್ಳಬೇಕು.

ಉಯಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಪಹಣಿ ಇನ್ನೂ ನಿಮ್ಮ ಮಾವನವರ ಹೆಸರಿನಲ್ಲೇ ಇದ್ದು ಅವರು ಕಾಲವಾಗಿದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಿ; ನಿಮ್ಮ ಯಜಮಾನರ ತಲೆಮಾರಿನವರಿಗೆ ಅದಕ್ಕೆ ಬೇಕಾದ ವಂಶವೃಕ್ಷ ಬಾಯಲ್ಲೇ ಬರುತ್ತದೆ, ಮಗನಿಗೆ ಬರಲಾರದು.

ಅವರನ್ನು ಒಪ್ಪಿಸುವುದು ಹೇಗೆಂಬುದೇ ನಿಮ್ಮ ನಿಜವಾದ ಪ್ರಶ್ನೆ. ನನ್ನ ಸಲಹೆಯೆಂದರೆ, ನೀವು ಅವರದ್ದನ್ನು ಕೇಳುವ ಮೊದಲು ನಿಮ್ಮದನ್ನು ಬರೆಯಿರಿ. ನಿಮ್ಮ ಒಡವೆ, ಸ್ವಸಹಾಯ ಸಂಘದಲ್ಲಿನ ಉಳಿತಾಯ, ಗ್ಯಾಸಿನ ಪುಸ್ತಕ, ಹಾಲಿನ ಲೆಕ್ಕ, ಯಾರ ಮನೆಗೆ ಎಷ್ಟು ಮುಯ್ಯಿ ಎಂಬುದೂ ಆ ಮನೆಯ ಆಸ್ತಿಯೇ, ಮತ್ತು ಅದರಲ್ಲಿ ಬಹುಪಾಲು ಅವರಿಗೆ ತಿಳಿದಿರುವುದಿಲ್ಲ. ಬರೆದು ಅವರ ಕೈಗೆ ಕೊಟ್ಟು, ‘ನಾನು ಮಲಗಿಬಿಟ್ಟರೆ ನಿಮಗೆ ತೊಂದರೆಯಾಗಬಾರದು’ ಎಂದು ಹೇಳಿ. ಇದು ಸಾವಿನ ಮಾತಲ್ಲ, ಲೆಕ್ಕದ ಮಾತು ಎಂಬುದು ಆಗ ಅವರಿಗೆ ತಾನಾಗಿ ಕಾಣುತ್ತದೆ. ಒಂದೇ ದಿನದಲ್ಲಿ ಮುಗಿಸಬೇಕೆಂಬ ಹಟ ಬೇಡ. ಸಂಜೆ ಕಾಫಿಯ ಹೊತ್ತಿಗೆ ದಿನಕ್ಕೊಂದು ಪುಟ, ಅವರು ಹೇಳಲಿ, ನೀವು ಬರೆದುಕೊಳ್ಳಿ.

ಪುಸ್ತಕ ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಿ. ಮಗ ಊರಿಗೆ ಬಂದಾಗ ಅದನ್ನು ಅವನ ಕೈಗಿತ್ತು, ನೀವಿಬ್ಬರೂ ಬಾಯಿ ತೆರೆಯದೆ ಕುಳಿತು, ವಿಮೆಯ ಕಾಗದ, ತೋಟದ ಪಂಪಿನ ಮೇನ್ ಸ್ವಿಚ್, ಬೆಳೆಸಾಲದ ಪಾಸ್‌ಬುಕ್ ಹುಡುಕಲು ಹೇಳಿ. ಅವನು ಎಲ್ಲಿ ತಡವರಿಸುತ್ತಾನೋ ಆ ಪುಟವನ್ನು ಮತ್ತೆ ಬರೆಯಿರಿ. ಆಮೇಲೆ ಪ್ರತಿವರ್ಷ ಆಯುಧಪೂಜೆಗೆ ಪುಸ್ತಕಗಳನ್ನು ಇಳಿಸಿ ಒರೆಸುವ ದಿನ ಇದನ್ನೂ ತೆರೆದು, ಬದಲಾದದ್ದನ್ನು ತಿದ್ದಿ, ಕೆಳಗೆ ತಾರೀಖು ಹಾಕಿಡಿ.