ಕಟ್ಟಡ ಯಾಕೆ ಹಿಂದಕ್ಕೆ ವಾಲುತ್ತೆ? ಮಟಮಟ ಮಧ್ಯಾಹ್ನ ಫೋಟೊ ತೆಗೀಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಊರಿನ ಕಟ್ಟಡಗಳ ಬಗ್ಗೆಯೇ ಇವೆ. ಗೋಡೆ, ಕಂಬ, ಕಿಟಕಿಗಳ ಗೆರೆ ಹಿಡಿಯುವುದು ಹೇಗೆ, ನೆರಳು-ಬೆಳಕು ಗಟ್ಟಿಯಾಗಿ ಬರುವಂತೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ನಾನು ಜಾಸ್ತಿ ಓಡಾಡಿರುವುದು ಬೆಂಗಳೂರಿನಲ್ಲಿ. ಹಾಗಾಗಿ ಉದಾಹರಣೆಗಳೂ ಅಲ್ಲಿಯವೇ.

ಪ್ರಶ್ನೆ: ವಿಧಾನಸೌಧದ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದೆ. ಕಂಬಗಳೆಲ್ಲ ಮೇಲೆ ಹೋದಂತೆ ಒಳಕ್ಕೆ ವಾಲಿವೆ. ಇಡೀ ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತಿದೆ. ಕ್ಯಾಮೆರಾದಲ್ಲಿ ದೋಷ ಇದೆಯಾ? (ಶಿವಮೊಗ್ಗದ ವಿದ್ಯಾರ್ಥಿ)

ಕ್ಯಾಮೆರಾ ಸರಿಯಾಗೇ ಇದೆ. ತಲೆ ಎತ್ತಿದ್ದು ನೀವು.

ರೈಲು ಹಳಿಗಳು ದೂರ ಹೋದಂತೆ ಹತ್ತಿರ ಬಂದಂತೆ ಕಾಣುತ್ತವಲ್ಲ, ಇದೂ ಅದೇ. ಫೋನನ್ನು ಮೇಲಕ್ಕೆ ಎತ್ತಿ ಹಿಡಿದಾಗ ಕಂಬಗಳೇ ಹಳಿಗಳಾಗುತ್ತವೆ. ಕಣ್ಣಿಗೂ ಹಾಗೇ ಕಾಣುತ್ತದೆ, ಆದರೆ ಕಂಬ ನೆಟ್ಟಗಿದೆ ಎಂದು ಮನಸ್ಸಿಗೆ ಗೊತ್ತಿರುವುದರಿಂದ ಅದು ಸರಿಪಡಿಸಿಕೊಂಡುಬಿಡುತ್ತದೆ. ಫೋಟೊಗೆ ಆ ಬುದ್ಧಿ ಇಲ್ಲ.

ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರೆ. ನಿಮ್ಮ ಫೋನೂ ಆ ದಾರದ ಹಾಗೆ ನೆಟ್ಟಗೆ ನಿಲ್ಲಬೇಕು. ಫೋನು ಗೋಡೆಗೆ ಸಮಾನಾಂತರವಾಗಿದ್ದರೆ ಕಂಬಗಳೂ ಸಮಾನಾಂತರವಾಗಿಯೇ ಬರುತ್ತವೆ. ವಿಧಾನಸೌಧದ ಮುಂಭಾಗದ 12 ಗ್ರಾನೈಟ್ ಕಂಬಗಳು ತಲಾ 40 ಅಡಿ ಎತ್ತರ. ಅವು ನಿಂತಿರುವುದು 45 ಮೆಟ್ಟಿಲುಗಳ ಮೇಲೆ. ಹತ್ತಿರ ನಿಂತರೆ ಕತ್ತು ಎತ್ತಲೇಬೇಕು, ಬೇರೆ ದಾರಿ ಇಲ್ಲ. ಆದ್ದರಿಂದ ಹಿಂದೆ ಬನ್ನಿ. ಅಂಬೇಡ್ಕರ್ ವೀದಿಯ ಆಚೆ ಬದಿಗೆ ಬನ್ನಿ. ಫೋನನ್ನು ನೆಟ್ಟಗೆ ಹಿಡಿಯಿರಿ. ಚಿತ್ರದ ಕೆಳಗಿನ ಅರ್ಧದಲ್ಲಿ ಬರೀ ರಸ್ತೆ, ಆಟೊ, ಬೇಲಿ ಬರುತ್ತವೆ. ಬರಲಿ ಬಿಡಿ. ಮನೆಗೆ ಹೋಗಿ ಅದನ್ನು ಕತ್ತರಿಸಿ ಬಿಸಾಕಿ. ಲಕ್ಷ ರೂಪಾಯಿ ದಾಟುವ ಶಿಫ್ಟ್ ಲೆನ್ಸುಗಳು ಮಾಡುವುದೂ ಹೆಚ್ಚುಕಮ್ಮಿ ಇದೇ ಕೆಲಸ. ಹಿಂದೆ ಬರಲು ಜಾಗವೇ ಇಲ್ಲದಿದ್ದರೆ 0.5 ಎಂದು ತೋರಿಸುವ ಅಗಲದ ಲೆನ್ಸಿನಲ್ಲಿ ಇದೇ ಉಪಾಯ ಮಾಡಿ.

ಆಪ್‌ನಲ್ಲೂ ಸರಿಪಡಿಸಬಹುದು. ಸ್ನ್ಯಾಪ್‌ಸೀಡ್, ಲೈಟ್‌ರೂಮ್ ಎರಡರಲ್ಲೂ ಆ ಸೌಲಭ್ಯ ಇದೆ. ಆದರೆ ಹಾಗೆ ಎಳೆದಾಗ ಚಿತ್ರದ ಅಂಚುಗಳು ಕತ್ತರಿಸಿ ಹೋಗುತ್ತವೆ. ತೆಗೆಯುವಾಗಲೇ ಎರಡೂ ಕಡೆ ಖಾಲಿ ಜಾಗ ಬಿಟ್ಟಿರಬೇಕು. ಇನ್ನೊಂದು ವಿಷಯ, ತುಂಬ ಎತ್ತರದ ಕಟ್ಟಡವನ್ನು ಪೂರ್ತಿ ನೆಟ್ಟಗೆ ಮಾಡಿದರೆ ಅದರ ತಲೆಯೇ ದಪ್ಪವಾದಂತೆ ಕಾಣುತ್ತದೆ. ನಾನು ಸ್ವಲ್ಪ ವಾಲು ಉಳಿಸುತ್ತೇನೆ.

ವಾಲುವುದೇ ಬೇಕಿದ್ದರೆ ಧಾರಾಳವಾಗಿ ವಾಲಿಸಿ. ಎರಡು ಕಟ್ಟಡಗಳ ಸಂದಿಯಲ್ಲಿ ನಿಂತು ನೇರ ಆಕಾಶಕ್ಕೆ ಹಿಡಿಯಿರಿ. ಅರ್ಧಂಬರ್ಧ ವಾಲಿದರೆ ಮಾತ್ರ ನೋಡಿದವರಿಗೆ ತಪ್ಪಾಗಿ ಕಾಣುವುದು.

ಪ್ರಶ್ನೆ: ಕಟ್ಟಡಗಳನ್ನು ಬೆಳಗ್ಗೆ ಇಲ್ಲವೇ ಸಂಜೆ ಮಾತ್ರ ತೆಗೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬಿಡುವು ಸಿಗುವುದೇ ಊಟದ ಹೊತ್ತಿನಲ್ಲಿ. ಮಧ್ಯಾಹ್ನ ಏನೂ ಆಗಲ್ವಾ? (ಹುಬ್ಬಳ್ಳಿಯ ಬ್ಯಾಂಕ್ ಉದ್ಯೋಗಿ)

ಆಗುತ್ತೆ. ಎಷ್ಟೋ ಸಲ ಮಧ್ಯಾಹ್ನವೇ ಚೆನ್ನಾಗಿ ಆಗುತ್ತೆ. ಬೆಳಗ್ಗೆ-ಸಂಜೆಯ ಮಾತು ಮುಖಗಳಿಗೆ, ಬೆಟ್ಟಗುಡ್ಡಗಳಿಗೆ ಹೇಳಿದ್ದು. ಗೋಡೆಯ ಲೆಕ್ಕ ಬೇರೆ.

ನೆಲದ ಮೇಲಿನ ವಸ್ತುವಿಗೆ ಉದ್ದ ನೆರಳು ಬೇಕಾದರೆ ಸೂರ್ಯ ಕೆಳಗಿರಬೇಕು. ಗೋಡೆ ಎಂದರೆ ಎದ್ದು ನಿಂತ ನೆಲ ಅಲ್ವಾ? ಅದರ ಮೇಲೆ ಉದ್ದ ನೆರಳು ಬೀಳಬೇಕಾದರೆ ಸೂರ್ಯ ನೆತ್ತಿಯ ಹತ್ತಿರ ಇರಬೇಕು. ಆಗ ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಕಿಟಕಿಯ ಸಜ್ಜಾ, ಬಾಲ್ಕನಿ, ಕಲ್ಲಿನ ಉಬ್ಬುತಗ್ಗು ಎಲ್ಲದರ ನೆರಳೂ ಕೆಳಕ್ಕೆ ಜಾರುತ್ತದೆ. ಬೆಳಗಿನ ಬಿಸಿಲು ಪೂರ್ವದ ಗೋಡೆಗೆ ಎದುರಿನಿಂದ ಬಡಿಯುತ್ತದೆ. ಬಣ್ಣ ಚೆಂದ ಬರುತ್ತದೆ, ಗೋಡೆ ಮಾತ್ರ ದೋಸೆ ಹೆಂಚಿನ ಹಾಗೆ ಸಪಾಟು.

ಇನ್ನು ದಿಕ್ಕಿನ ಲೆಕ್ಕ. ಮನೆ ಕೊಳ್ಳುವಾಗ ‘ಯಾವ ಫೇಸಿಂಗ್?’ ಎಂದು ಮೊದಲು ಕೇಳುತ್ತೇವೆ. ಫೋಟೊಗೂ ಅದನ್ನೇ ಕೇಳಬೇಕು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುವುದು ಇದಕ್ಕೇ. ಆ ಎರಡು ದಿನಗಳ ನಡುವೆ ನಡು ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ನಿಮ್ಮ ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ ಎಂದು ಇಟ್ಟುಕೊಳ್ಳಿ.

ಇದು ಗೊತ್ತಿಲ್ಲದೆ ನಾನು ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೇನೆ. ಕೆಲಸ ಶುರು ಮಾಡಿದ ಹೊಸತು. ಎಂ.ಜಿ. ರಸ್ತೆಯ ದಕ್ಷಿಣ ಬದಿಯ ಒಂದು ಕಟ್ಟಡದ ಮುಂಭಾಗ ತೆಗೆದುಕೊಡಿ ಎಂದಿದ್ದರು. ಡಿಸೆಂಬರ್ ತಿಂಗಳು, ಆಕಾಶ ನೀಲಿ, ಬಿಸಿಲು ಬಂಗಾರ. ಹೋಗಿ ನೋಡಿದರೆ ಕಟ್ಟಡದ ಮುಖ ಪೂರ್ತಿ ನೆರಳಿನಲ್ಲಿ! ಸಂಜೆವರೆಗೆ ಕಾದೆ. ಆ ಸಾಲಿನ ಕಟ್ಟಡಗಳ ಮುಖ ಇರುವುದು ಉತ್ತರಕ್ಕೆ, ಡಿಸೆಂಬರಿನಲ್ಲಿ ಸೂರ್ಯ ಇಡೀ ದಿನ ಅವುಗಳ ಬೆನ್ನ ಹಿಂದೆಯೇ ಇರುತ್ತಾನೆ. ಅದೇ ಗೋಡೆಗೆ ಜೂನ್ ಮಧ್ಯಾಹ್ನ ಹೋಗಿ ನೋಡಿ. ಒಂದು ಅಡಿ ಹೊರಚಾಚಿದ ಸಜ್ಜಾದ ನೆರಳು ಐದು ಅಡಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಮಳೆಗಾಲದ ಮೋಡ ಬಿಡುವು ಕೊಡಬೇಕು, ಅಷ್ಟೇ. ಮೇ ತಿಂಗಳಾದರೆ ಆ ಚಿಂತೆಯೂ ಕಡಿಮೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಹೋದರೆ ಅದೇ ಒಂದು ಅಡಿಗೆ ಒಂದೂಕಾಲು ಅಡಿ ಚಿಲ್ಲರೆ ನೆರಳು ಸಿಗುತ್ತದೆ. ಗಡಿಯಾರದ ಹನ್ನೆರಡಕ್ಕೆ ಓಡಿ ಹೋಗಬೇಡಿ. ಬೆಂಗಳೂರಿನಲ್ಲಿ ನಿಜವಾದ ನಡು ಮಧ್ಯಾಹ್ನ ಆಗುವುದು ಸುಮಾರು 12:20ಕ್ಕೆ, ನಿಮ್ಮಲ್ಲಿ ಇನ್ನೂ ಹತ್ತು ನಿಮಿಷ ತಡ. ಊಟದ ಬಿಡುವಿಗೆ ಸರಿಹೋಯಿತು.

ಕಟು ಬಿಸಿಲನ್ನೇ ನೆಚ್ಚಿಕೊಂಡ ದೊಡ್ಡ ಛಾಯಾಗ್ರಾಹಕ ಲೂಸಿಯೆನ್ ಎರ್ವೆ. ಹಂಗೇರಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದವನು. 1949ರಲ್ಲಿ ಮಾರ್ಸೇ ನಗರದಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಟ್ಟಿಸುತ್ತಿದ್ದ ವಸತಿ ಸಮುಚ್ಚಯ ನೋಡಲು ಹೋಗಿ ಒಂದೇ ದಿನದಲ್ಲಿ 650 ಚಿತ್ರ ತೆಗೆದ. ಅವನ್ನು ನೋಡಿದ ಕಾರ್ಬೂಸಿಯೆ ಅವನನ್ನು ತನ್ನ ಕಾಯಂ ಛಾಯಾಗ್ರಾಹಕನಾಗಿ ಮಾಡಿಕೊಂಡ. ಆಮೇಲೆ ಕಾರ್ಬೂಸಿಯೆ ವಿನ್ಯಾಸ ಮಾಡಿದ ಚಂಡೀಗಢಕ್ಕೂ ಎರ್ವೆ ಬಂದ. ಅವನ ಚಿತ್ರಗಳಲ್ಲಿ ನೆರಳು ಕಪ್ಪೆಂದರೆ ಕಪ್ಪು. ಪ್ರಿಂಟುಗಳನ್ನು ಕತ್ತರಿಯಿಂದ ನಿರ್ದಾಕ್ಷಿಣ್ಯವಾಗಿ ಕತ್ತರಿಸುತ್ತಿದ್ದ. ಇಡೀ ಕಟ್ಟಡ ತೋರಿಸಬೇಕೆಂಬ ಹಟ ಅವನಿಗಿರಲಿಲ್ಲ. ಒಂದು ಮೆಟ್ಟಿಲ ಸಾಲು, ಒಂದು ಮೂಲೆ, ಸಾಕು.

ಪ್ರಶ್ನೆ: ನನ್ನ ಫೋನಿನಲ್ಲಿ ನೆರಳು ಕಪ್ಪಾಗಿ ಬರುವುದೇ ಇಲ್ಲ. ಎಲ್ಲ ಬೂದು ಬೂದು.

ಅದು ಫೋನಿನ ಅತಿ ಉಪಕಾರ. ಎಚ್‌ಡಿಆರ್ ಎನ್ನುವುದು ನಾಲ್ಕಾರು ಚಿತ್ರ ತೆಗೆದು, ಕತ್ತಲೆ ಇರುವಲ್ಲಿ ಬೆಳಕು ತುಂಬಿ, ಒಂದಾಗಿ ಬೆರೆಸಿ ಕೊಡುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆ ಒಳ್ಳೆಯದು, ಕಟ್ಟಡಕ್ಕೆ ಬೇಡ. ಆರಿಸಲು ಬಂದರೆ ಆರಿಸಿ. ಬರದಿದ್ದರೆ ಗೋಡೆಯ ಬಿಸಿಲು ಬಿದ್ದ ಭಾಗದ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ನೆರಳು ಕಪ್ಪಾಗುವವರೆಗೆ ಎಳೆಯಿರಿ. ಒಳಗಿನ ವಿವರ ಹೋಯಿತೇ ಎಂದು ಮರುಗಬೇಡಿ, ಆ ಕಪ್ಪಿನಿಂದಲೇ ಗೆರೆ ಎದ್ದು ಕಾಣುವುದು.

ಪ್ರಶ್ನೆ: ಅಠಾರಾ ಕಚೇರಿಯ ಚಿತ್ರ ಬಣ್ಣದಲ್ಲಿ ತುಂಬ ಚೆನ್ನಾಗಿತ್ತು. ಕಪ್ಪು-ಬಿಳುಪು ಮಾಡಿದ ಕೂಡಲೇ ಪೇಲವವಾಯಿತು. ಕಾಂಟ್ರಾಸ್ಟ್ ಹೆಚ್ಚು ಮಾಡಿದರೂ ಪ್ರಯೋಜನ ಆಗಲಿಲ್ಲ. (ಬೆಂಗಳೂರಿನ ಓದುಗರು)

ಒಳ್ಳೆಯ ಉದಾಹರಣೆಯನ್ನೇ ಕೊಟ್ಟಿರಿ. ಕೆಂಪು ಕಟ್ಟಡ, ಸುತ್ತ ಕಬ್ಬನ್ ಪಾರ್ಕಿನ ಹಸಿರು. ಕಣ್ಣಿಗೆ ಹಬ್ಬ. ಆದರೆ ಆ ಕೆಂಪು ಮತ್ತು ಆ ಹಸಿರು ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಬೆಳಗುತ್ತವೆ. ಬಣ್ಣ ಕಿತ್ತುಹಾಕಿದರೆ ಎರಡೂ ಒಂದೇ ಬೂದಿ. ನೀವು ನೋಡಿದ್ದು ಬಣ್ಣಗಳ ನಡುವಿನ ಅಂತರ. ಕಪ್ಪು-ಬಿಳುಪಿಗೆ ಬೇಕಾದದ್ದು ಬೆಳಕಿನ ಅಂತರ.

ಕಾಂಟ್ರಾಸ್ಟ್ ಗುಂಡಿ ಒತ್ತಿದರೆ ಒಂದೇ ಬೂದಿಯನ್ನು ಎರಡು ಮಾಡಲು ಅದಕ್ಕೆ ಬರುವುದಿಲ್ಲ. ಅದರ ಬದಲು ಲೈಟ್‌ರೂಮಿನಂಥ ಆಪ್‌ನಲ್ಲಿ ಒಂದೊಂದು ಬಣ್ಣಕ್ಕೂ ಪ್ರತ್ಯೇಕ ಸ್ಲೈಡರ್ ಇದೆ. ಕಪ್ಪು-ಬಿಳುಪು ಮಾಡಿದ ಮೇಲೂ ಅದು ಕೆಲಸ ಮಾಡುತ್ತದೆ. ಕೆಂಪನ್ನು ಮೇಲೆ ಎತ್ತಿ, ಹಸಿರು ಮತ್ತು ಹಳದಿಯನ್ನು ಇಳಿಸಿ. ಮರಗಳು ಗಾಢವಾಗಿ, ಕಟ್ಟಡ ಬೆಳ್ಳಗೆ ಎದ್ದು ನಿಲ್ಲುತ್ತದೆ. ನೀಲಿಯನ್ನು ಇಳಿಸಿದರೆ ಆಕಾಶ ಕಪ್ಪಾಗುತ್ತದೆ. ಫಿಲ್ಮ್ ಕಾಲದಲ್ಲಿ ಲೆನ್ಸಿನ ಮುಂದೆ ಕೆಂಪು ಗಾಜು ಹಾಕುತ್ತಿದ್ದುದು ಇದಕ್ಕೇ, ಹಾಗಾಗಿ ಮೋಸ ಎಂದುಕೊಳ್ಳಬೇಡಿ. ಆದರೂ ನನ್ನನ್ನು ಕೇಳಿದರೆ, ಆ ಕಟ್ಟಡವನ್ನು ಬಣ್ಣದಲ್ಲೇ ಬಿಡಿ. ವಿಧಾನಸೌಧದ ಗ್ರಾನೈಟನ್ನು ಕಪ್ಪು-ಬಿಳುಪು ಮಾಡಿ, ಅದಕ್ಕೆ ಒಪ್ಪುತ್ತದೆ.

ಪ್ರಶ್ನೆ: ಬಸವನಗುಡಿಯಲ್ಲಿ ಒಂದು ಹಳೆಯ ಹೆಂಚಿನ ಮನೆ, ಅದರ ಹಿಂದೆ ಸ್ವಲ್ಪ ದೂರದಲ್ಲಿ ದೊಡ್ಡ ಅಪಾರ್ಟ್‌ಮೆಂಟ್. ಎದುರಿಗೆ ನೋಡುವಾಗ ಅದು ಮನೆಯನ್ನು ನುಂಗುವಂತೆ ಕಾಣುತ್ತೆ. ಫೋಟೊದಲ್ಲಿ ಮೂಲೆಯಲ್ಲೆಲ್ಲೋ ಚಿಕ್ಕದಾಗಿ ನಿಂತಿರುತ್ತೆ. ಯಾಕೆ?

ಮನೆಗೆ ತೀರ ಹತ್ತಿರ ನಿಂತಿದ್ದೀರಿ. ಲೆಕ್ಕ ಹಾಕಿ. ಅಪಾರ್ಟ್‌ಮೆಂಟ್ ಮನೆಗಿಂತ 100 ಮೀಟರ್ ಹಿಂದಿದೆ ಎಂದುಕೊಳ್ಳೋಣ. ನೀವು ಮನೆಯಿಂದ 10 ಮೀಟರಿನಲ್ಲಿ ನಿಂತರೆ ಅಪಾರ್ಟ್‌ಮೆಂಟ್ 110 ಮೀಟರ್ ದೂರ, ಅಂದರೆ ಮನೆಗಿಂತ ಹನ್ನೊಂದು ಪಟ್ಟು. ರಸ್ತೆಯುದ್ದಕ್ಕೂ ಹಿಂದೆ ನಡೆದು 50 ಮೀಟರಿಗೆ ಬನ್ನಿ. ಈಗ ಅದು 150 ಮೀಟರ್, ಬರೀ ಮೂರು ಪಟ್ಟು. ಅಲ್ಲಿಂದ 5 ಪಟ್ಟು ಜೂಮ್ ಮಾಡಿದರೆ ಮನೆ ಮೊದಲಿದ್ದಷ್ಟೇ ದೊಡ್ಡದಾಗಿ ಬರುತ್ತದೆ, ಅಪಾರ್ಟ್‌ಮೆಂಟ್ ಮಾತ್ರ ಮೂರೂವರೆ ಪಟ್ಟಿಗೂ ಹೆಚ್ಚು ಬೆಳೆದು ಮನೆಯ ಬೆನ್ನ ಮೇಲೆ ಬಂದು ಕೂತಿರುತ್ತದೆ. ಜೂಮ್ ಮಾಡಿದ್ದರಿಂದ ಆದದ್ದಲ್ಲ ಇದು, ನಡೆದಿದ್ದರಿಂದ ಆದದ್ದು. ಹಿಂದೆ ನಡೆಯುವಾಗ ಹಿಂದೆ ನೋಡಿಕೊಂಡು ನಡೆಯಿರಿ, ಬಸವನಗುಡಿಯ ಫುಟ್‌ಪಾತ್ ಕಲ್ಲುಗಳನ್ನು ನಂಬುವ ಹಾಗಿಲ್ಲ.

ಪ್ರಶ್ನೆ: ಎಲ್ಲಿ ನೋಡಿದರೂ ವೈರು, ಕೇಬಲ್ಲು. ಏನು ಮಾಡೋದು?

ಒಂದೆರಡಿದ್ದರೆ ಅಳಿಸಿ. ಹತ್ತಿಪ್ಪತ್ತಿದ್ದರೆ ಅವನ್ನೇ ಗೆರೆ ಮಾಡಿಕೊಳ್ಳಿ, ಊರಿನ ಗೆರೆಗಳಲ್ಲಿ ಅವೂ ಸೇರಿವೆ. ಭಾನುವಾರ ಬೆಳಗ್ಗೆ ಹೋದರೆ ಕಾರುಗಳಾದರೂ ತಪ್ಪುತ್ತವೆ.

ಪ್ರಶ್ನೆ: ಒಂದು ಗಾಜಿನ ಕಟ್ಟಡದ ಎದುರು ಫುಟ್‌ಪಾತ್ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದೆ. ಸೆಕ್ಯುರಿಟಿಯವರು ಬಂದು ಡಿಲೀಟ್ ಮಾಡಿಸಿದರು. ಕಾನೂನು ಏನು ಹೇಳುತ್ತದೆ? (ಮಂಗಳೂರಿನಿಂದ ಬಂದ ಪ್ರಶ್ನೆ)

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೊ ತೆಗೆಯುವುದು, ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ. ವಿನ್ಯಾಸ ನಮ್ಮದು ಎಂದು ಅವರು ಹೇಳಿದರೆ ಈ ಉತ್ತರ ಇದೆ. ಆದರೆ ಇದು ಎಲ್ಲ ಬಾಗಿಲಿನ ಬೀಗದ ಕೈ ಅಲ್ಲ. ಅವರ ಕಾಂಪೌಂಡಿನ ಒಳಗೆ ಕಾಲಿಟ್ಟರೆ ಅವರ ನಿಯಮ. ಸೇನೆಯ ಜಾಗ, ವಿಮಾನ ನಿಲ್ದಾಣದಂಥ ಕಡೆ ನಿಷೇಧದ ಬೋರ್ಡು ಇದ್ದರೆ ಅಲ್ಲಿ ವಾದವೇ ಬೇಡ. ಬಿ.ವಿ. ದೋಶಿ ವಿನ್ಯಾಸ ಮಾಡಿದ ಬೆಂಗಳೂರಿನ ಐಐಎಂ ಆವರಣ ನೋಡಲು ಅನೇಕರಿಗೆ ಆಸೆ. ಒರಟು ಕಲ್ಲಿನ ಗೋಡೆ, ಮೇಲೆ ಕಾಂಕ್ರೀಟಿನ ತೊಲೆಗಳ ಸಾಲು, ನೆಲದ ಮೇಲೆ ಆ ತೊಲೆಗಳ ನೆರಳಿನ ಪಟ್ಟೆ. ಗೆರೆ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೆ ಅದು ಪಾಠ ನಡೆಯುವ ಸಂಸ್ಥೆ. ಮೊದಲೇ ಬರೆದು ಅನುಮತಿ ಕೇಳಿಕೊಂಡೇ ಹೋಗಬೇಕು.

ಫುಟ್‌ಪಾತ್ ಮೇಲೆ ತಡೆದರೆ ನಾನು ಮಾಡುವುದು ಇಷ್ಟು: ಕ್ಯಾಮೆರಾ ಕೆಳಗಿಳಿಸಿ, ‘ಅಣ್ಣಾ, ಈ ನೆರಳು ನೋಡಿ, ಇದಕ್ಕೇ ತೆಗೀತಿದ್ದೆ’ ಎಂದು ಸ್ಕ್ರೀನ್ ತೋರಿಸುತ್ತೇನೆ. ಬಿಸಿಲಿನಲ್ಲಿ ದಿನವಿಡೀ ನಿಲ್ಲುವ ಮನುಷ್ಯ. ಆ ಗೋಡೆಯ ಮೇಲೆ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಇರುತ್ತದೆ ಎಂದು ಅವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ‘ನಾಲ್ಕು ಗಂಟೆಗೆ ಬನ್ನಿ ಸಾರ್, ಇನ್ನೂ ಚೆನ್ನಾಗಿರುತ್ತೆ’ ಎಂದು ಒಬ್ಬರು ನನಗೆ ಹೇಳಿದ್ದೂ ಇದೆ. ಹೋದೆ, ಚೆನ್ನಾಗಿಯೇ ಇತ್ತು.

ಮುಂದಿನ ಸಲ ಚಿತ್ರ ಕಳಿಸುವವರು ತೆಗೆದ ತಿಂಗಳು, ಗಂಟೆ, ಗೋಡೆಯ ದಿಕ್ಕು ಬರೆದು ಕಳಿಸಿ. ಕ್ಯಾಮೆರಾ ಯಾವುದು ಎಂದು ಬರೆಯದಿದ್ದರೂ ನಡೆಯುತ್ತೆ.