ಗುಡ್ಡೆಯಿಂದ ಹಾರಿ ಬರುವ ರೆಕ್ಕೆಯ ಕುಲೆ ನಿಜವೇ?

ಮುಳ್ಳೇರಿಯ ಕಡೆಯ ಅಜ್ಜಿ ಹೇಳಿದ ಕಥೆಯಲ್ಲಿ, ರಾತ್ರಿ ಗುಡ್ಡೆಯಲ್ಲಿ ಕೂಗಿ ಸದ್ದಿಲ್ಲದೆ ತಲೆಯ ಮೇಲೆ ಹಾರಿಹೋಗುವ ಕುಲೆ, ಅಂದರೆ ಪ್ರೇತ, ಯಾವುದು ಎಂದು ಕೇಳಿದ್ದೀರಿ. ಅದು ಬಹುಮಟ್ಟಿಗೆ ಗೂಬೆ. ನಮ್ಮ ಕಾಸರಗೋಡಿನಲ್ಲಿ ಮಲಯಾಳಂ ಮಾತಾಡುವವರು ‘ಕಾಲನ್‌ಕೋಳಿ’ ಎನ್ನುವ ಹಕ್ಕಿ. ಕಾಲನ್ ಎಂದರೆ ಯಮ. ಅದರ ನಡುಗುವ ‘ಹೂ‍ವಾ’ ಕೂಗು ಮಲಯಾಳಂ ಕಿವಿಗೆ ‘ಪೂವಾ’, ಅಂದರೆ ‘ಹೋಗೋಣವೇ’ ಎಂದು ಕೇಳುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದಾಗ ಇಂಥ ಕರೆ ಕೇಳಿದರೆ ಯಾರ ಎದೆಯಾದರೂ ಝಲ್ಲೆನ್ನದೇ?

ಕೂಗಿಗಿಂತ ಹೆಚ್ಚು ಹೆದರಿಸುವುದು ಅದರ ಮೌನ. ಪಾರಿವಾಳ ಎದ್ದರೆ ಪಟಪಟ ಸದ್ದಾಗುತ್ತದೆ, ಗೂಬೆ ಹಾರಿದರೆ ಗಾಳಿ ಕೂಡ ಸುಳಿದಂತೆ ಅನ್ನಿಸುವುದಿಲ್ಲ. ಮಾವಿನ ಮರದಡಿ ಬಿದ್ದ ಅದರ ಗರಿಯೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮುಂದಿನ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳು, ಮೇಲ್ಮೈ ಮಖಮಲ್ಲಿನಂತೆ ಮೆತ್ತಗೆ. ಸದ್ದು ಹುಟ್ಟಿಸುವ ಗಾಳಿಯ ಸುಳಿಗಳನ್ನು ಆ ಹಲ್ಲುಗಳು ಸಣ್ಣಸಣ್ಣದಾಗಿ ಒಡೆದುಬಿಡುತ್ತವೆ, ಗರಿಯ ಮೆತ್ತನೆ ಉಳಿದದ್ದನ್ನು ಅಡಗಿಸುತ್ತದೆ. ಹಾಗಾಗಿ ಅಡಿಕೆ ತೋಟದ ಕತ್ತಲಲ್ಲಿ ನಡೆಯುವವನಿಗೆ ಮೊದಲು ದೂರದ ಕೂಗು, ಆಮೇಲೆ ಏಕಾಏಕಿ ತಲೆಯ ಮೇಲೊಂದು ಅಗಲವಾದ ನೆರಳು. ನಡುವೆ ರೆಕ್ಕೆಯ ಸದ್ದೇ ಇಲ್ಲ. ಹಕ್ಕಿ ಎಂದು ಹೇಗೆ ತಾನೆ ಅನ್ನಿಸೀತು?

ಅಜ್ಜಿ ಸುಳ್ಳು ಹೇಳಲಿಲ್ಲ, ಕೇಳಿದ್ದನ್ನು, ಕಂಡದ್ದನ್ನೇ ಹೇಳಿದ್ದಾರೆ. ಆದರೆ ಅಪಶಕುನವೆಂದು ಅದಕ್ಕೆ ಕಲ್ಲು ಹೊಡೆಯುವುದನ್ನು ದಯವಿಟ್ಟು ನಿಲ್ಲಿಸಿ. ತೋಟದ ಇಲಿಗಳನ್ನು ಹಿಡಿದು ತಿನ್ನುವುದು ಅದೇ ಹಕ್ಕಿ.